ನೀರು ಬಿಡಿಸುವ ಕೆಲಸ: ಸಣ್ಣ ಸ್ಟುಡಿಯೋದಲ್ಲಿ ಒಂದು ಕಾಫಿ ಕಪ್ ಮಾಡುವ ಬಗೆ

ಕೈ ಪಳಗಿದವರು ತಿಗರಿಯ ಮೇಲೆ ಒಂದು ಕಪ್ ಎಬ್ಬಿಸಲು ಐದು ನಿಮಿಷ ಸಾಕು. ಅದೇ ಕಪ್‌ನಲ್ಲಿ ಕಾಫಿ ಕುಡಿಯಬೇಕಾದರೆ ಎರಡು ಮೂರು ವಾರ ಕಾಯಬೇಕು. ಆ ದಿನಗಳಲ್ಲೆಲ್ಲ ನಡೆಯುವುದು ಮುಖ್ಯವಾಗಿ ಒಂದೇ ಕೆಲಸ: ಮಣ್ಣಿನೊಳಗಿನ ನೀರನ್ನು ಹಂತ ಹಂತವಾಗಿ ಹೊರಗೆ ಕಳಿಸುವುದು. ನಾದುವಾಗ ಒಂದು ಹದ, ಹಿಡಿ ಅಂಟಿಸುವಾಗ ಇನ್ನೊಂದು ಹದ, ಕಿಲ್ನ್‌ಗೆ, ಅಂದರೆ ಸುಡುವ ಗೂಡಿಗೆ, ಇಡುವಾಗ ಮತ್ತೊಂದು. ಬಿರುಕು ಬಿಟ್ಟ ಕಪ್‌ಗಳಲ್ಲಿ ಹೆಚ್ಚಿನವು ಕೈಚಳಕ ಸಾಲದೆ ಕೆಟ್ಟವಲ್ಲ, ಹದ ನೋಡದೆ ಕೆಟ್ಟವು. ಆದ್ದರಿಂದ ಕೆಳಗೆ ಪ್ರತಿ ಹಂತದಲ್ಲೂ ಮಣ್ಣು ಎಷ್ಟು ಒದ್ದೆ ಇರಬೇಕು ಎಂಬುದನ್ನೇ ಮೊದಲು ಹೇಳಿದೆ.

ಯಾವ ಮಣ್ಣು

ಬೆಂಗಳೂರಿನಲ್ಲಿ ಎರಡು ಬಗೆಯ ಮಣ್ಣು ಕೈಗೆ ಸಿಗುತ್ತದೆ. ಒಂದು, ಕೆರೆಯಂಗಳದ ಕೆಂಪು ಜೇಡಿ. ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನ್‌ನಲ್ಲಿ ಕುಂಬಾರ ಮನೆತನಗಳು ಹಣತೆ, ಮಡಕೆ, ಹೂಕುಂಡ ಮಾಡುವುದು ಈ ಜಾತಿಯ ಮಣ್ಣಿನಲ್ಲಿ. ಕಬ್ಬಿಣದ ಅಂಶ ಹೆಚ್ಚಿರುವುದರಿಂದ 800ರಿಂದ 950 ಡಿಗ್ರಿಯೊಳಗೆ ಗಟ್ಟಿಯಾಗುತ್ತದೆ, ಸುಟ್ಟ ಮೇಲೂ ನೀರು ಹೀರುತ್ತದೆ. ಬೇಸಿಗೆಯ ಮಡಕೆಯಲ್ಲಿ ನೀರು ತಣ್ಣಗಿರುವುದು ಈ ಗುಣದಿಂದಲೇ. ಗೋಡೆಯಿಂದ ಜಿನುಗಿದ ನೀರು ಆವಿಯಾಗುತ್ತಾ ಒಳಗಿನ ಶಾಖವನ್ನು ಎಳೆದೊಯ್ಯುತ್ತದೆ. ಆದರೆ ಕಾಫಿ ಕಪ್‌ಗೆ ಇದೇ ಗುಣ ದೋಷ.

ಇನ್ನೊಂದು, ಚೀಲದಲ್ಲಿ ಬರುವ ಸ್ಟೋನ್‌ವೇರ್ ಮಣ್ಣು. ಜೇಡಿಗೆ ಫೆಲ್ಡ್‌ಸ್ಪಾರ್ ಮತ್ತು ಸಿಲಿಕಾ ಎಂಬ ಖನಿಜಗಳ ಪುಡಿ ಬೆರೆಸಿ ತಯಾರಿಸಿರುತ್ತಾರೆ. ಒಳಗಿನ ಫೆಲ್ಡ್‌ಸ್ಪಾರ್ ಕರಗಿ ಸಂದುಗಳನ್ನು ಗಾಜಿನಂತೆ ತುಂಬುವುದರಿಂದ 1200 ಡಿಗ್ರಿಯ ಮೇಲೆ ಬೆಂದಾಗ ನೀರು ಹೆಚ್ಚುಕಡಿಮೆ ಹಿಡಿಯುವುದಿಲ್ಲ. ಕಪ್‌ಗೆ ಇದೇ ಸರಿ. ಚೀಲದ ಮೇಲೆ ಎಷ್ಟು ಡಿಗ್ರಿಗೆ ಬೇಯುವ ಮಣ್ಣು, ಎಷ್ಟು ಶೇಕಡಾ ಕುಗ್ಗುತ್ತದೆ ಎಂದು ಬರೆದಿರದಿದ್ದರೆ ಕೊಳ್ಳುವಾಗಲೇ ಕೇಳಿ ಬರೆದುಕೊಳ್ಳಿ. ಎರಡು ಮಣ್ಣನ್ನು ಒಂದೇ ಡಬ್ಬದಲ್ಲಿ ಎಂದೂ ಬೆರೆಸಬೇಡಿ. ಕೆರೆ ಮಣ್ಣಿನ ಒಂದು ಹಣತೆ ತಪ್ಪಿ 1220 ಡಿಗ್ರಿಯ ಕಿಲ್ನ್‌ನೊಳಗೆ ಹೋದರೆ ಉಬ್ಬಿ, ಕರಗಿ, ಶೆಲ್ಫ್‌ಗೆ ಅಂಟಿಕೊಂಡು ಪಕ್ಕದ ಪಾತ್ರೆಗಳನ್ನೂ ಹಾಳು ಮಾಡುತ್ತದೆ.

ಕುಗ್ಗುವಿಕೆಯ ಲೆಕ್ಕ ಮೊದಲೇ ಹಾಕಬೇಕು. ಹೆಚ್ಚಿನ ಸ್ಟೋನ್‌ವೇರ್ ಹಸಿಯಿಂದ ಕೊನೆಯ ಸುಡುವಿಕೆಯವರೆಗೆ ಒಟ್ಟು 10ರಿಂದ 13 ಶೇಕಡಾ ಕುಗ್ಗುತ್ತದೆ. 12 ಶೇಕಡಾ ಎಂದಿಟ್ಟುಕೊಂಡರೆ, ಬೇಕಾದ ಅಳತೆಯನ್ನು 0.88ರಿಂದ ಭಾಗಿಸಿ. ಕೊನೆಗೆ 7.5 ಸೆಂಟಿಮೀಟರ್ ಅಗಲದ ಕಪ್ ಬೇಕೆಂದರೆ ಹಸಿಯಲ್ಲಿ 8.5 ಇರಬೇಕು, 8.4 ಎತ್ತರ ಬೇಕೆಂದರೆ 9.5. ಈ ಅಳತೆಯ ಕಪ್ ಅಂಚಿನವರೆಗೆ ಸುಮಾರು 280 ಮಿಲಿ ಹಿಡಿಯುತ್ತದೆ, ಅಂದರೆ ಕುಡಿಯಲು 220 ಮಿಲಿ. ಕಲಿಯುವವರು 350 ಗ್ರಾಂ ಮಣ್ಣು ತೂಗಿಕೊಳ್ಳಿ. ಕೈ ಪಳಗಿದ ಮೇಲೆ 280 ಗ್ರಾಂ ಸಾಕಾಗುತ್ತದೆ.

ನಾದುವುದು

ಚಪಾತಿ ಹಿಟ್ಟು ನಾದುವ ಕೈಗೆ ಇದು ಬೇಗ ಒಗ್ಗುತ್ತದೆ, ಒಂದು ವ್ಯತ್ಯಾಸ ಬಿಟ್ಟು: ಹಿಟ್ಟನ್ನು ಮಡಿಸುತ್ತೇವೆ, ಮಣ್ಣನ್ನು ಮಡಿಸಬಾರದು. ಮಡಿಸಿದರೆ ನಡುವೆ ಗಾಳಿ ಸೇರುತ್ತದೆ. ಅಂಗೈಯ ಬುಡದಿಂದ ಮುಂದಕ್ಕೆ ಒತ್ತಿ, ಬೆರಳುಗಳಿಂದ ಹಿಂದಕ್ಕೆ ಎಬ್ಬಿಸಿ, ಮತ್ತೆ ಒತ್ತಿ. ಹೀಗೆ ಐವತ್ತರಿಂದ ನೂರು ಸಲ. ಆಮೇಲೆ ತಂತಿಯಿಂದ ಎರಡು ಹೋಳು ಮಾಡಿ ಕತ್ತರಿಸಿದ ಮುಖವನ್ನು ನೋಡಿ. ತೂತು, ಗೆರೆ, ಗಟ್ಟಿ ಗಂಟು ಕಂಡರೆ ಇನ್ನೂ ನಾದಬೇಕು. ಬೆರಳು ಒತ್ತಿದರೆ ಸಲೀಸಾಗಿ ಇಳಿಯಬೇಕು, ಎತ್ತಿದರೆ ಮಣ್ಣು ಅಂಟಿ ಬರಬಾರದು. ನಾದಲು ಅದೇ ಹದ.

ಗಾಳಿಗುಳ್ಳೆ ಇದ್ದರೆ ಪಾತ್ರೆ ಕಿಲ್ನ್‌ನಲ್ಲಿ ಸಿಡಿಯುತ್ತದೆ ಎಂದು ಬಹಳ ಕಡೆ ಹೇಳಿಕೊಡುತ್ತಾರೆ. ಅದು ಸರಿಯಲ್ಲ. ಸಿಡಿಸುವುದು ಗಾಳಿಯಲ್ಲ, ಆವಿ. ಚೆನ್ನಾಗಿ ಒಣಗಿದ ಪಾತ್ರೆಯಲ್ಲಿ ಗುಳ್ಳೆ ಇದ್ದರೂ ಏನೂ ಆಗುವುದಿಲ್ಲ. ಗುಳ್ಳೆಯೇ ಇಲ್ಲದ ಒದ್ದೆ ಪಾತ್ರೆ ಚೂರುಚೂರಾಗುತ್ತದೆ. ನಾದುವುದರ ನಿಜವಾದ ಕಾರಣ ಬೇರೆ: ಉಂಡೆಯ ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಮೆತ್ತಗೆ ಇದ್ದರೆ ತಿಗರಿಯ ಮೇಲೆ ಅದು ನಡುವಿಗೆ ನಿಲ್ಲುವುದೇ ಇಲ್ಲ.

ತಿಗರಿಯ ಮೇಲೆ

ಉಂಡೆಯನ್ನು ಒಣಗಿದ ಬ್ಯಾಟ್‌ನ ನಡುವಿಗೆ ಬಿಗಿಯಾಗಿ ಕುಕ್ಕಿ. ಬ್ಯಾಟ್ ಎಂದರೆ ತಿಗರಿಯ ಮೇಲೆ ಕೂರುವ, ಪಾತ್ರೆಯ ಸಮೇತ ಎತ್ತಿಡಬಹುದಾದ ತಟ್ಟೆ. ಅದು ಒದ್ದೆಯಾಗಿದ್ದರೆ ಉಂಡೆ ಜಾರಿ ಹಾರುತ್ತದೆ. ತಿಗರಿಯನ್ನು ಎಡಕ್ಕೆ, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ವೇಗವಾಗಿ ತಿರುಗಿಸಿ. ಎಡ ಮೊಣಕೈಯನ್ನು ತೊಡೆಗೆ ಇಲ್ಲವೇ ಹೊಟ್ಟೆಗೆ ಊರಿ. ಒತ್ತಡ ತೋಳಿನಿಂದ ಬರಬಾರದು, ಮೈಭಾರದಿಂದ ಬರಬೇಕು. ಎಡ ಅಂಗೈ ಪಕ್ಕದಿಂದ, ಬಲ ಅಂಗೈ ಮೇಲಿನಿಂದ ಒಟ್ಟಿಗೆ ಒತ್ತಲಿ. ಒಮ್ಮೆ ಗೋಪುರದಂತೆ ಮೇಲಕ್ಕೆ ಎಬ್ಬಿಸಿ, ಮತ್ತೆ ಕೆಳಗೆ ತಗ್ಗಿಸಿ. ಎರಡು ಮೂರು ಸಲ ಮಾಡಿದರೆ ಉಂಡೆ ನಡುವಿಗೆ ಬರುತ್ತದೆ. ಬಂದಿದೆಯೇ ಎಂದು ಕಣ್ಣಿನಿಂದಲ್ಲ, ಕೈಯಿಂದ ತಿಳಿಯಬೇಕು: ಒಂದು ಬೆರಳನ್ನು ಅಲುಗದಂತೆ ಉಂಡೆಗೆ ತಾಗಿಸಿ ಹಿಡಿಯಿರಿ. ಬೆರಳು ಬಡಿದುಕೊಂಡರೆ ಇನ್ನೂ ಬಂದಿಲ್ಲ. ತಿರುಗುತ್ತಿರುವುದೇ ಗೊತ್ತಾಗದಷ್ಟು ನಯವಾಗಿ ಸರಿದರೆ ಬಂದಿದೆ. ಬಾರದೆ ಮುಂದೆ ಹೋಗಬೇಡಿ. ಆಮೇಲೆ ಮಾಡುವ ಯಾವ ಕೆಲಸವೂ ಇದನ್ನು ಸರಿಪಡಿಸುವುದಿಲ್ಲ.

ಕೈ ಎತ್ತುವಾಗ ನಿಧಾನವಾಗಿ ಎತ್ತಬೇಕು. ತಟ್ಟನೆ ಬಿಟ್ಟರೆ ಮಣ್ಣು ಅಲ್ಲೇ ಒಂದು ಕಡೆ ವಾಲುತ್ತದೆ.

ಈಗ ವೇಗ ತುಸು ತಗ್ಗಿಸಿ, ಹೆಬ್ಬೆರಳುಗಳಿಂದ ನಡುವೆ ಕುಳಿ ತೆಗೆಯಿರಿ. ತಳದಲ್ಲಿ 6 ಮಿಲಿಮೀಟರ್ ಮಣ್ಣು ಉಳಿಯಲಿ. ಸೂಜಿ ಚುಚ್ಚಿ, ಮಣ್ಣಿನ ಮಟ್ಟಕ್ಕೆ ಬೆರಳಿಟ್ಟು ಹೊರತೆಗೆದರೆ ದಪ್ಪ ತಿಳಿಯುತ್ತದೆ. ತೂತು ತಾನೇ ಮುಚ್ಚಿಕೊಳ್ಳುತ್ತದೆ. ಕುಳಿಯನ್ನು ಅಗಲಿಸಿದ ಮೇಲೆ ಸ್ಪಂಜಿನಿಂದ ತಳವನ್ನು ನಡುವಿನಿಂದ ಅಂಚಿಗೆ, ಅಂಚಿನಿಂದ ನಡುವಿಗೆ ನಾಲ್ಕೈದು ಸಲ ಒತ್ತಿ ಸವರಿ. ಇದನ್ನು ಬಿಟ್ಟವರ ಕಪ್‌ನ ತಳದಲ್ಲಿ ಇಂಗ್ಲಿಷಿನ ಎಸ್ ಅಕ್ಷರದಂಥ ಬಿರುಕು ಬರುತ್ತದೆ. ಗೋಡೆಯ ಮಣ್ಣು ಎಳೆಯುವಾಗ ಬಿಗಿಯಾಗುತ್ತದೆ, ತಳದ ಮಣ್ಣಿಗೆ ಆ ಬಿಗಿ ಸಿಗುವುದಿಲ್ಲ. ಒಣಗುವಾಗ ತಳ ಹೆಚ್ಚು ಕುಗ್ಗಲು ಹೋಗಿ ನಡುವೆ ಬಾಯಿ ಬಿಡುತ್ತದೆ. ಎಷ್ಟೋ ಸಲ ಈ ಬಿರುಕು ಕಾಣಿಸಿಕೊಳ್ಳುವುದೇ ಮೊದಲ ಸಲ ಸುಟ್ಟ ನಂತರ.

ಗೋಡೆ ಎಳೆಯುವುದು ಮೂರು ಸಲಕ್ಕೆ ಮುಗಿಯಬೇಕು. ಒಳಗಿನ ಬೆರಳು ಹೊರಗಿನ ಬೆರಳಿಗಿಂತ ಕೂದಲೆಳೆಯಷ್ಟು ಮೇಲಿರಲಿ, ಎರಡರ ನಡುವೆ ಮಣ್ಣು ಸಿಕ್ಕಿ ಸುರುಳಿಯಾಗಿ ಏರಲಿ. ತಿಗರಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಕಾಲು ಇಂಚಿಗಿಂತ ಹೆಚ್ಚು ಕೈ ಏರಬಾರದು. ಪ್ರತಿ ಸಲ ಮೇಲೆ ಬಂದಾಗ ಅಂಚನ್ನು ಎರಡು ಬೆರಳ ನಡುವೆ ಹಿಡಿದು ಮೂರನೆಯ ಬೆರಳಿಂದ ಮೆಲ್ಲಗೆ ಕೆಳಗೆ ಒತ್ತಿ. ಒತ್ತಿದ ಅಂಚು ಸುಲಭವಾಗಿ ಸೀಳುವುದಿಲ್ಲ. ಗೋಡೆ 4 ಮಿಲಿಮೀಟರ್ ಆದರೆ ನಿಲ್ಲಿಸಿ. ಇನ್ನೂ ಎಳೆಯುತ್ತಾ ಹೋದರೆ ಮಣ್ಣು ನೀರು ಕುಡಿದು ಸುಸ್ತಾಗಿ ಕುಸಿಯುತ್ತದೆ. ತಿಗರಿಯ ಮೇಲೆ ಕಳೆದ ಪ್ರತಿ ನಿಮಿಷವೂ ಮಣ್ಣಿಗೆ ನೀರು ಸೇರಿಸಿದ ನಿಮಿಷವೇ.

ಕೊನೆಗೆ ಒಳಗೆ ನಿಂತ ನೀರನ್ನು ಸ್ಪಂಜಿನಿಂದ ಪೂರ್ತಿ ತೆಗೆದು, ತಂತಿಯನ್ನು ಬಿಗಿಯಾಗಿ ಎಳೆದು ತಳ ಕಡಿದು, ಬ್ಯಾಟ್ ಸಮೇತ ಎತ್ತಿಡಿ.

ಒಣಗುವುದು, ಕೆತ್ತುವುದು, ಹಿಡಿ ಅಂಟಿಸುವುದು

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸ್ಟುಡಿಯೋದಲ್ಲಿ ಆ ದೊಣ್ಣೆ ಎಂದರೆ ಸೀಲಿಂಗ್ ಫ್ಯಾನ್. ಅಂಚಿಗೆ ಮೂರೂ ಕಡೆಯಿಂದ ಗಾಳಿ ಬಡಿಯುತ್ತದೆ, ತಳಕ್ಕೆ ಬ್ಯಾಟ್ ಅಡ್ಡ. ಅಂಚು ಒಣಗಿ ಕುಗ್ಗಿ ಗಟ್ಟಿಯಾದ ಮೇಲೆ ತಳ ಕುಗ್ಗಲು ತೊಡಗಿದರೆ ನಡುವೆ ಎಲ್ಲೋ ಒಂದು ಕಡೆ ಸೀಳಲೇಬೇಕು. ಫ್ಯಾನ್ ಆರಿಸಿ, ಕಿಟಕಿಯಿಂದ ದೂರ ಇಡಿ.

ಬೆಂಗಳೂರಿನಲ್ಲಿ ಒಣಗುವ ಕಾಲ ತಿಂಗಳಿನಿಂದ ತಿಂಗಳಿಗೆ ಬದಲಾಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಬೆಳಗ್ಗೆ ಮಾಡಿದ ಕಪ್ ಸಂಜೆಗೇ ಕೆತ್ತುವ ಹದಕ್ಕೆ ಬರುತ್ತದೆ. ಮಧ್ಯಾಹ್ನ ಒಮ್ಮೆ ನೋಡದಿದ್ದರೆ ಹದ ದಾಟಿಯೇ ಹೋಗುತ್ತದೆ. ಆಗ ಅಂಚಿಗೆ ಮಾತ್ರ ತೆಳು ಪ್ಲಾಸ್ಟಿಕ್ ಸುತ್ತಿ. ಮಳೆ ಬಿಡದ ದಿನಗಳಲ್ಲಿ ಅದೇ ಹದಕ್ಕೆ ಎರಡು ಮೂರು ದಿನ ಹಿಡಿಯಬಹುದು. ಜುಲೈಯ ಗಾಳಿ ಇನ್ನೊಂದು ಬಗೆ: ವಾತಾವರಣದಲ್ಲಿ ತೇವ ಇದ್ದರೂ ಬೀಸುವ ಕಡೆಯ ಗೋಡೆ ಮೊದಲು ಒಣಗಿ ಕಪ್ ಆ ಕಡೆಗೆ ಬಾಗುತ್ತದೆ. ದಿನಕ್ಕೆರಡು ಸಲ ತಿರುಗಿಸಿಡಿ. ಅಂಚು ಆಕಾರ ಉಳಿಸಿಕೊಳ್ಳುವಷ್ಟು ಗಟ್ಟಿಯಾದ ಕೂಡಲೇ ಕವುಚಿ ಹಾಕಿದರೆ ತಳಕ್ಕೂ ಗಾಳಿ ಸಿಗುತ್ತದೆ.

ಕೆತ್ತುವ ಹದವನ್ನು ಸ್ಟುಡಿಯೋಗಳಲ್ಲಿ ಲೆದರ್ ಹಾರ್ಡ್ ಎನ್ನುತ್ತಾರೆ. ಉಗುರಿನಿಂದ ಗೆರೆ ಎಳೆದರೆ ಬೀಳಬೇಕು, ಬೆರಳು ಒತ್ತಿದರೆ ಇಳಿಯಬಾರದು. ಕಪ್ ಅನ್ನು ತಲೆಕೆಳಗಾಗಿ ತಿಗರಿಯ ನಡುವೆ ಇಟ್ಟು ಮೂರು ಉಂಡೆ ಮಣ್ಣಿನಿಂದ ಬಿಗಿ ಮಾಡಿ. ಚೂಪಾದ ಲೂಪ್‌ನಿಂದ (ತುದಿಯಲ್ಲಿ ಲೋಹದ ಕುಣಿಕೆ ಇರುವ ಕೆತ್ತುವ ಸಲಕರಣೆ) ತಳದ ಹೆಚ್ಚುವರಿ ಮಣ್ಣು ಕೆತ್ತಿ, 3 ಮಿಲಿಮೀಟರ್ ಎತ್ತರದ ಒಂದು ಬಳೆಯಂಥ ಪಾದ ಉಳಿಸಿ. ಸರಿಯಾದ ಹದದಲ್ಲಿ ಮಣ್ಣು ಉದ್ದ ರಿಬ್ಬನ್ನಿನಂತೆ ಸುರುಳಿಯಾಗಿ ಬರುತ್ತದೆ. ಲೂಪ್‌ಗೆ ಅಂಟಿಕೊಂಡರೆ ಇನ್ನೂ ಒದ್ದೆ. ಪುಡಿ ಉದುರಿ ಲೂಪ್ ಕಿರುಗುಟ್ಟಿದರೆ ತಡವಾಯಿತು. ನಡುನಡುವೆ ನಿಲ್ಲಿಸಿ ತಳವನ್ನು ಬೆರಳಿನಿಂದ ಬಡಿದು ಕೇಳಿ. ದಪ್ಪ ಇರುವಲ್ಲಿ ಮಂದ ಸದ್ದು, ತೆಳುವಾಗುತ್ತಾ ಬಂದಂತೆ ತಮಟೆಯ ಚರ್ಮದ ಹಾಗೆ ಟೊಳ್ಳು ಸದ್ದು. ಸದ್ದು ಬದಲಾದಲ್ಲಿ ಕೆತ್ತುವುದನ್ನು ನಿಲ್ಲಿಸಿ.

ಹಿಡಿಗೆ ಒಂದು ಮೂಲಂಗಿ ಗಾತ್ರದ ಮಣ್ಣನ್ನು ಎಡಗೈಯಲ್ಲಿ ತೂಗುಬಿಟ್ಟು ಹಿಡಿದು, ಒದ್ದೆ ಬಲಗೈಯಿಂದ ಹಸುವಿನ ಹಾಲು ಕರೆಯುವ ಹಾಗೆ ಮೇಲಿನಿಂದ ಕೆಳಗೆ ಎಳೆಯಿರಿ. ಪಟ್ಟಿಯಂತಾದ ಮೇಲೆ ಬಿಲ್ಲಿನಂತೆ ಬಾಗಿಸಿ ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಿ. ಕಪ್ ಮತ್ತು ಹಿಡಿ ಒಂದೇ ಹದದಲ್ಲಿ ಇರಬೇಕು, ಈ ಹಂತದ ಗುಟ್ಟೆಲ್ಲ ಅಷ್ಟೇ. ಅಂಟಿಸುವ ಎರಡೂ ಕಡೆ ಫೋರ್ಕ್‌ನಿಂದ ಅಡ್ಡ ಉದ್ದ ಗೀರಿ, ಅದೇ ಮಣ್ಣಿನ ಸ್ಲಿಪ್ ಅನ್ನು, ಅಂದರೆ ನೀರಿನಲ್ಲಿ ಕದಡಿದ ಮಣ್ಣನ್ನು, ಗಟ್ಟಿ ದೋಸೆ ಹಿಟ್ಟಿನಂತೆ ಮಾಡಿ ಹಚ್ಚಿ, ಒಳಗಿನಿಂದ ಒಂದು ಬೆರಳು ಕೊಟ್ಟು ಹೊರಗಿನಿಂದ ಒತ್ತಿ. ಬರೀ ನೀರು ಹಚ್ಚಿ ಅಂಟಿಸಿದ್ದು ಒಣಗಿದ ಮೇಲೆ ಕೈಗೇ ಬರುತ್ತದೆ. ಹಿಡಿ ತೆಳು, ಸುತ್ತ ಗಾಳಿ, ಆದ್ದರಿಂದ ಕಪ್‌ಗಿಂತ ಬೇಗ ಒಣಗಿ ಸಂದಿಯಲ್ಲಿ ಕೂದಲಿನಂಥ ಬಿರುಕು ತರುತ್ತದೆ. ಮೊದಲ ಒಂದು ದಿನ ಇಡೀ ಕಪ್ ಅನ್ನು ಪ್ಲಾಸ್ಟಿಕ್‌ನಲ್ಲಿ ಮುಚ್ಚಿಡಿ, ಎರಡರ ತೇವವೂ ಸಮವಾಗಲಿ. ಆಮೇಲೆ ಹಿಡಿಯನ್ನು ಮಾತ್ರ ಮುಚ್ಚಿ, ಕಪ್ ತೆರೆದಿಡಿ.

ಪೂರ್ತಿ ಒಣಗಲು ಬೇಸಿಗೆಯಲ್ಲಿ ನಾಲ್ಕೈದು ದಿನ, ಮಳೆಗಾಲದಲ್ಲಿ ಹತ್ತು ಹನ್ನೆರಡು ದಿನ. ಬಣ್ಣ ತಿಳಿಯಾದದ್ದನ್ನು ನೋಡಿ ನಂಬಬೇಡಿ. ತಳವನ್ನು ಕೆನ್ನೆಗೆ ಒತ್ತಿ ನೋಡಿ: ತಣ್ಣಗೆ ಅನಿಸಿದರೆ ಒಳಗಿನ ನೀರು ಇನ್ನೂ ಆವಿಯಾಗುತ್ತಿದೆ.

ಮೊದಲ ಸುಡುವಿಕೆ: ಬಿಸ್ಕ್

ಒಂದು ಅಡಿ ಉದ್ದಗಲ ಎತ್ತರದ ವಿದ್ಯುತ್ ಕಿಲ್ನ್ ಸಣ್ಣ ಸ್ಟುಡಿಯೋಗೆ ಸಾಕು. ಇಷ್ಟು ಗಾತ್ರದ್ದೂ ಹಲವು ಕಿಲೋವ್ಯಾಟ್ ಎಳೆಯುತ್ತದೆ. ಕೊಳ್ಳುವ ಮೊದಲೇ ಬೆಸ್ಕಾಂ ಬಿಲ್ಲಿನಲ್ಲಿರುವ ಮಂಜೂರಾದ ಲೋಡ್ ನೋಡಿ, ಎಲೆಕ್ಟ್ರಿಷಿಯನ್‌ನಿಂದ ಪ್ರತ್ಯೇಕ ಲೈನು, ಎಂಸಿಬಿ, ಅರ್ತಿಂಗ್ ಹಾಕಿಸಿ. ಗೋಡೆಯಿಂದ ಒಂದೂವರೆ ಅಡಿ ದೂರ, ಗಾಳಿ ಹೊರಗೆ ಹೋಗುವ ಕಿಟಕಿಯ ಬಳಿ ಇರಲಿ. ಮಲಗುವ ಕೋಣೆಯಲ್ಲಿ ಬೇಡವೇ ಬೇಡ, ಸುಡುವಾಗ ಮಣ್ಣಿನಲ್ಲಿರುವ ಸಾವಯವ ಅಂಶ ಉರಿದು ಕಾರ್ಬನ್ ಮಾನಾಕ್ಸೈಡ್ ಹೊರಡುತ್ತದೆ. ಕಿಲ್ನ್ ಕೊಳ್ಳುವ ಅವಸರ ಬೇಡ ಎನ್ನುವವರಿಗೆ, ನಗರದಲ್ಲಿ ಬೇರೆಯವರ ಪಾತ್ರೆಗಳನ್ನು ಹಣ ಪಡೆದು ಸುಟ್ಟುಕೊಡುವ ಸ್ಟುಡಿಯೋಗಳಿವೆ. ಆದರೆ ನಿಮ್ಮ ಮಣ್ಣು ಎಷ್ಟು ಡಿಗ್ರಿಯದು ಎಂಬುದನ್ನು ಅವರಿಗೆ ಬರೆದು ಕೊಡಿ.

ಬಿಸ್ಕ್‌ನಲ್ಲಿ ಪಾತ್ರೆಗಳು ಒಂದಕ್ಕೊಂದು ತಾಗಬಹುದು, ಒಂದರೊಳಗೊಂದು ಕೂರಬಹುದು. ಕಂಟ್ರೋಲರ್‌ಗೆ ಹೀಗೆ ಹಾಕಿ: ಗಂಟೆಗೆ 60 ಡಿಗ್ರಿಯಂತೆ 90ರವರೆಗೆ, ಅಲ್ಲಿ 3 ಗಂಟೆ ನಿಲ್ಲಲಿ, ಗಂಟೆಗೆ 100ರಂತೆ 600ರವರೆಗೆ, ಗಂಟೆಗೆ 150ರಂತೆ 1000ದವರೆಗೆ, ಅಲ್ಲಿ 15 ನಿಮಿಷ. ಒಟ್ಟು ಸುಮಾರು 12 ಗಂಟೆ.

90ರಲ್ಲಿ ಏಕೆ ನಿಲ್ಲಿಸುತ್ತೇವೆ? ಉಳಿದ ತೇವ 100 ಡಿಗ್ರಿಗೆ ಮುಟ್ಟುವ ಮೊದಲೇ ಸದ್ದಿಲ್ಲದೆ ಹೊರಟುಹೋಗಲಿ ಎಂದು. ಮಳೆಗಾಲದಲ್ಲಿ ಈ 3 ಗಂಟೆಯನ್ನು 6 ಮಾಡಿ. ಕಿಂಡಿ ತೆರೆದಿರಲಿ, ಅದರ ಮುಂದೆ ಒಂದು ಸ್ಟೀಲ್ ಚಮಚ ಹಿಡಿದರೆ ಮಂಜು ಕೂರದಿದ್ದಾಗ ಮುಂದಕ್ಕೆ ಬಿಡಿ. ಅಲ್ಲಿಗೆ ನೀರಿನ ಕತೆ ಮುಗಿಯಲಿಲ್ಲ. ಮಣ್ಣಿನ ಕಣದೊಳಗೇ ರಾಸಾಯನಿಕವಾಗಿ ಸೇರಿಕೊಂಡ ನೀರು 450ರಿಂದ 600 ಡಿಗ್ರಿಯ ನಡುವೆ ಹೊರಡುತ್ತದೆ. ಅದು ಹೋದ ಮೇಲೆ ಮಣ್ಣನ್ನು ಮತ್ತೆ ನೆನೆಸಿ ಕಲಸಲು ಆಗುವುದಿಲ್ಲ. 573 ಡಿಗ್ರಿಯಲ್ಲಿ ಸಿಲಿಕಾದ ಹರಳುಗಳು ತಟ್ಟನೆ ಹಿಗ್ಗುತ್ತವೆ, ತಣಿಯುವಾಗ ಅದೇ ಡಿಗ್ರಿಯಲ್ಲಿ ತಟ್ಟನೆ ಕುಗ್ಗುತ್ತವೆ. ಇದಕ್ಕಾಗಿಯೇ 600ರವರೆಗೆ ನಿಧಾನ. ತಣಿದು 100ಕ್ಕಿಂತ ಕೆಳಗೆ ಬರದೆ ಬಾಗಿಲು ತೆರೆಯಬೇಡಿ.

ಗ್ಲೇಜ್

ಗ್ಲೇಜ್ ಎಂದರೆ ಸುಟ್ಟಾಗ ಕರಗಿ ಪಾತ್ರೆಯ ಮೇಲೆ ಗಾಜಿನಂತೆ ಕೂರುವ ಲೇಪ. ಬಿಸ್ಕ್ ಆದ ಕಪ್ ಅನ್ನು ಒದ್ದೆ ಸ್ಪಂಜಿನಿಂದ ಒರೆಸಿ ಒಂದು ರಾತ್ರಿ ಒಣಗಲು ಬಿಡಿ. ಆಮೇಲೆ ಬರಿಗೈಯಿಂದ ಹೆಚ್ಚು ಮುಟ್ಟಬೇಡಿ. ಧೂಳು ಅಥವಾ ಕೈಯ ಎಣ್ಣೆ ಇದ್ದಲ್ಲಿ ಗ್ಲೇಜ್ ಕರಗುವಾಗ ಹಿಂದೆ ಸರಿದು ಬೋಳು ಜಾಗ ಬಿಡುತ್ತದೆ.

1220 ಡಿಗ್ರಿಗೆ ತಯಾರಾದ, ಸೀಸ ಇಲ್ಲದ, ಊಟದ ಪಾತ್ರೆಗೆ ಆಗುವ ಗ್ಲೇಜ್ ಪುಡಿಯನ್ನೇ ಮೊದಲು ಕೊಳ್ಳಿ. ಸ್ವಂತವಾಗಿ ಬೆರೆಸುವ ಆಸೆ ಇದ್ದವರಿಗೆ ಹಳೆಯ ಒಂದು ಲೆಕ್ಕವಿದೆ: ಫೆಲ್ಡ್‌ಸ್ಪಾರ್ 40, ಸಿಲಿಕಾ 30, ವೈಟಿಂಗ್ (ಸುಣ್ಣಕಲ್ಲಿನ ಪುಡಿ) 20, ಕೆಯೊಲಿನ್ (ಬಿಳಿ ಜೇಡಿ) 10. ಆದರೆ ಇದು ಕರಗಲು 1280 ಡಿಗ್ರಿಯಷ್ಟು ಬೇಕು, ಮಣ್ಣೂ ಆ ಡಿಗ್ರಿಯದೇ ಆಗಿರಬೇಕು, ಸಣ್ಣ ಕಿಲ್ನ್‌ನ ಕಾಯಿಲ್ ಬೇಗ ಸವೆಯುತ್ತದೆ. ಪುಡಿ ಬೆರೆಸುವಾಗ ಎನ್95 ಮಾಸ್ಕ್ ಹಾಕಲೇಬೇಕು.

ಪುಡಿಗೆ ಕಾವೇರಿ ನೀರನ್ನೇ ಹಾಕಿ. ಕೊಳವೆಬಾವಿಯ ಗಡಸು ನೀರಿನ ಸುಣ್ಣದಂಶ ಗ್ಲೇಜ್ ಅನ್ನು ಗಟ್ಟಿಯಾಗಿಸುತ್ತದೆ, ಅದನ್ನು ತೆಳುವಾಗಿಸಲು ಇನ್ನಷ್ಟು ನೀರು ಸುರಿಯುತ್ತೀರಿ, ಕೊನೆಗೆ ಕಪ್ ಮೇಲೆ ಗ್ಲೇಜ್‌ಗಿಂತ ನೀರೇ ಹೆಚ್ಚು. 80 ಮೆಶ್ ಜರಡಿಯಲ್ಲಿ ಎರಡು ಸಲ ಸೋಸಿ. ಹದಕ್ಕೆ ಕಣ್ಣಳತೆ ಬೇಡ: 100 ಮಿಲಿ ಗ್ಲೇಜ್ ಅನ್ನು ತೂಗಿ, 145ರಿಂದ 150 ಗ್ರಾಂ ಇರಬೇಕು. ನೋಡಲು ಗಟ್ಟಿ ಮಜ್ಜಿಗೆಯಂತೆ.

ಪಾದಕ್ಕೂ ಅದರ ಮೇಲಿನ 3 ಮಿಲಿಮೀಟರಿಗೂ ಮೇಣ ಹಚ್ಚಿ. ಒಳಗೆ ಗ್ಲೇಜ್ ಸುರಿದು, ಸುತ್ತಿಸಿ, ಚೆಲ್ಲಿ. ಒಳಗೋಡೆ ಒಣಗಿದ ಮೇಲೆ ಹೊರಗನ್ನು ಅದ್ದಿ ಮೂರು ಸೆಕೆಂಡಿಗೆ ಎತ್ತಿ. ಸೂಜಿಯಿಂದ ಗೀರಿ ನೋಡಿದರೆ ದಪ್ಪ ಸುಮಾರು 1 ಮಿಲಿಮೀಟರ್ ಇರಬೇಕು. ಹೆಚ್ಚಾದರೆ ಇಳಿದು ಶೆಲ್ಫ್‌ಗೆ ಅಂಟುತ್ತದೆ, ಕಡಿಮೆಯಾದರೆ ಒರಟಾಗಿ ಮಂಕಾಗುತ್ತದೆ. ಪಾದದ ಕೆಳಗೆ ಒಂದು ಚುಕ್ಕೆಯೂ ಉಳಿಯದಂತೆ ಒರೆಸಿ. ಶೆಲ್ಫ್‌ಗೆ ಅಲ್ಯೂಮಿನಾ ಹೈಡ್ರೇಟ್, ಕೆಯೊಲಿನ್ ಸಮಪಾಲು ಬೆರೆಸಿದ ಲೇಪ ಬಳಿದಿರಲಿ.

ಎರಡನೆಯ ಸುಡುವಿಕೆ

ಈಗ ಕಪ್‌ಗಳು ಒಂದಕ್ಕೊಂದು ತಾಗಬಾರದು, ನಡುವೆ ಕಿರುಬೆರಳಿನಷ್ಟು ಜಾಗ ಬಿಡಿ. ಗಂಟೆಗೆ 100ರಂತೆ 120ರವರೆಗೆ, ಗಂಟೆಗೆ 150ರಂತೆ 1100ರವರೆಗೆ, ಕೊನೆಯ 120 ಡಿಗ್ರಿಯನ್ನು ಗಂಟೆಗೆ 60ರಂತೆ ಏರಿಸಿ, 1220ರಲ್ಲಿ 10 ನಿಮಿಷ ನಿಲ್ಲಿಸಿ. ಒಟ್ಟು ಸುಮಾರು 10 ಗಂಟೆ. ಕೊನೆಯಲ್ಲಿ ನಿಧಾನ ಏಕೆಂದರೆ, ಮಣ್ಣು ಬೇಯುವುದು ಡಿಗ್ರಿಯಿಂದ ಮಾತ್ರವಲ್ಲ, ಆ ಡಿಗ್ರಿಯ ಬಳಿ ಎಷ್ಟು ಹೊತ್ತು ಇತ್ತು ಎಂಬುದರಿಂದ. ಇದನ್ನು ಅಳೆಯಲು ಪ್ರತಿ ಶೆಲ್ಫ್‌ನಲ್ಲಿ 6ನೇ ನಂಬರಿನ ಕೋನ್ ಒಂದನ್ನು, ಅಂದರೆ ತಕ್ಕಷ್ಟು ಶಾಖ ತಗುಲಿದಾಗ ಮೆತ್ತಗಾಗಿ ಬಾಗುವ ಸಣ್ಣ ಶಂಕುವನ್ನು, ನಿಲ್ಲಿಸಿ. ಅದರ ತುದಿ ಬಾಗಿ ಬುಡಕ್ಕೆ ಮುಟ್ಟುವಂತಾಗಿದ್ದರೆ ಸರಿಯಾಗಿ ಬೆಂದಿದೆ. ಕಂಟ್ರೋಲರ್ 1220 ತೋರಿಸಿಯೂ ಕೋನ್ ನೆಟ್ಟಗೆ ನಿಂತಿದ್ದರೆ ಕೋನ್ ಹೇಳಿದ್ದನ್ನೇ ನಂಬಿ. ಕಿಲ್ನ್‌ನೊಳಗಿನ ಶಾಖ ಅಳೆಯುವ ಥರ್ಮೋಕಪಲ್ ಹಳೆಯದಾದಂತೆ ತಪ್ಪು ತೋರಿಸುತ್ತದೆ.

ಬೆಳಗ್ಗೆ 5ಕ್ಕೆ ಶುರು ಮಾಡುವುದು ಒಳ್ಳೆಯದು. ಸಂಜೆ ಬಡಾವಣೆಯಲ್ಲಿ ಲೋಡ್ ಏರಿ ವೋಲ್ಟೇಜ್ 230ರಿಂದ 207ಕ್ಕೆ, ಅಂದರೆ 10 ಶೇಕಡಾ ಇಳಿದರೆ ಕಾಯಿಲ್‌ನ ಶಕ್ತಿ 19 ಶೇಕಡಾ ಇಳಿಯುತ್ತದೆ. ಕಿಲ್ನ್ ಕೊನೆಯ 50 ಡಿಗ್ರಿ ಏರಲಾರದೆ ಗಂಟೆಗಟ್ಟಲೆ ಒದ್ದಾಡುತ್ತದೆ. ಬೆಳಗ್ಗೆ ಶುರುವಾದದ್ದು ಮಧ್ಯಾಹ್ನ 3ರ ಹೊತ್ತಿಗೆ ಮುಗಿಯುತ್ತದೆ, ನೋಡಿಕೊಳ್ಳಲು ಒಬ್ಬರು ಎಚ್ಚರವೂ ಇರುತ್ತಾರೆ. ನಡುವೆ ಕರೆಂಟ್ ಹೋದರೆ ಬಾಗಿಲು ಮುಟ್ಟಬೇಡಿ. ಬಂದ ಮೇಲೆ ಇದ್ದ ಡಿಗ್ರಿಯಿಂದಲೇ ಮುಂದುವರಿಸಿ, ಪಾತ್ರೆಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ.

ತೆರೆದ ಮೇಲೆ ಕಿವಿಗೊಟ್ಟು ಕೇಳಿ. ಟಿಣ್, ಟಿಣ್ ಎಂದು ಸಣ್ಣ ಸದ್ದು ಬರುತ್ತಿದ್ದರೆ ಗ್ಲೇಜ್ ಕೂದಲೆಳೆಯಂತೆ ಬಿರಿಯುತ್ತಿದೆ: ತಣಿಯುವಾಗ ಗ್ಲೇಜ್ ಮಣ್ಣಿಗಿಂತ ಹೆಚ್ಚು ಕುಗ್ಗಿದೆ. ಬೇಗ ತೆರೆದಿದ್ದರೂ ಹೀಗಾಗುತ್ತದೆ; ಪೂರ್ತಿ ತಣಿದ ಮೇಲೂ ಪ್ರತಿ ಸಲ ಹೀಗೇ ಆದರೆ ಆ ಗ್ಲೇಜ್‌ಗೂ ಆ ಮಣ್ಣಿಗೂ ಹೊಂದುವುದಿಲ್ಲ, ಒಂದನ್ನು ಬದಲಿಸಿ. ಸೂಜಿಮೊನೆಯ ತೂತುಗಳು ಬಂದಿದ್ದರೆ ಬಿಸ್ಕ್ ಅವಸರದಲ್ಲಿ ಆಗಿ ಒಳಗಿನ ಅನಿಲ ಈಗ ಹೊರಟಿದೆ.

ಮಣ್ಣು ಹೋಗಬಾರದ ಎರಡು ಜಾಗ

ಮೊದಲನೆಯದು ಶ್ವಾಸಕೋಶ. ಒಣಗಿದ ಮಣ್ಣಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ, ವರ್ಷಗಟ್ಟಲೆ ಉಸಿರಿಗೆ ಸೇರಿದರೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರಬಹುದು, ಬಂದದ್ದು ವಾಸಿಯಾಗುವುದಿಲ್ಲ. ಸ್ಟುಡಿಯೋದ ನೆಲವನ್ನು ಕಸಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಒಣಗಿದ ಕಪ್ ಅನ್ನು ಮರಳು ಕಾಗದದಿಂದ ಉಜ್ಜುವ ಬದಲು ಒದ್ದೆ ಸ್ಪಂಜಿನಿಂದ ಸವರಿ.

ಎರಡನೆಯದು ಸಿಂಕಿನ ಪೈಪು. ಅಪಾರ್ಟ್‌ಮೆಂಟ್‌ನಲ್ಲಿ ಒಂದು ತಿಂಗಳು ಕೈ ತೊಳೆದರೆ ಸಾಕು, ಪೈಪಿನ ಬಾಗಿನಲ್ಲಿ ಜೇಡಿ ಕೂತು ಕಟ್ಟಿಕೊಳ್ಳುತ್ತದೆ. ಮೂರು ಬಕೆಟ್ ಇಡಿ: ಮೊದಲನೆಯದರಲ್ಲಿ ಕೈ ತೊಳೆದು, ಎರಡನೆಯದರಲ್ಲಿ ಜಾಲಿಸಿ, ಮೂರನೆಯದರಲ್ಲಿ ಮುಗಿಸಿ. ರಾತ್ರಿ ಕಳೆದ ಮೇಲೆ ತಿಳಿನೀರನ್ನು ಗಿಡಕ್ಕೆ ಹಾಕಿ, ತಳದ ಕೆಸರನ್ನು ಮರುಬಳಕೆಯ ಡಬ್ಬಕ್ಕೆ ಸೇರಿಸಿ. ಗ್ಲೇಜ್ ಕೈಯನ್ನು ಮಾತ್ರ ಬೇರೆ ಬಕೆಟ್‌ನಲ್ಲಿ ತೊಳೆಯಬೇಕು, ಆ ನೀರು ಗಿಡಕ್ಕೂ ಬೇಡ. ಕೆತ್ತಿದ ಸುರುಳಿ, ಮುರಿದ ಹಸಿ ಕಪ್ ಯಾವುದೂ ವ್ಯರ್ಥವಲ್ಲ, ಆದರೆ ನೆನೆಹಾಕುವ ಮೊದಲು ಪೂರ್ತಿ ಒಣಗಿಸಿ. ಅರೆಒದ್ದೆ ಮಣ್ಣು ನೀರಿನಲ್ಲಿ ದಿನಗಟ್ಟಲೆ ಗಂಟಾಗಿಯೇ ಉಳಿಯುತ್ತದೆ. ಒಣಮಣ್ಣು ಗಂಟೆಯೊಳಗೆ ಹುಡಿಹುಡಿಯಾಗಿ ಕರಗುತ್ತದೆ.

ಬಳಸುವ ಮೊದಲು

ಪಾದವನ್ನು ಒದ್ದೆ ಸಿಲಿಕಾನ್ ಕಾರ್ಬೈಡ್ ಕಾಗದದಿಂದ ಉಜ್ಜಿ, ಇಲ್ಲದಿದ್ದರೆ ಮೇಜಿಗೆ ಗೀರು ಬೀಳುತ್ತದೆ. ಒಂದು ಹೋಳು ನಿಂಬೆಹಣ್ಣನ್ನು ಗ್ಲೇಜ್ ಮೇಲೆ ರಾತ್ರಿಯಿಡೀ ಇಟ್ಟು ಬೆಳಗ್ಗೆ ನೋಡಿ. ಆ ಜಾಗದ ಬಣ್ಣ ಮಾಸಿದ್ದರೆ ಆ ಕಪ್‌ನಲ್ಲಿ ಪೆನ್ನು ಇಡಿ, ಹುಳಿ ಪದಾರ್ಥ ಬೇಡ. ಮಾಸದಿದ್ದ ಮಾತ್ರಕ್ಕೆ ಸೀಸ ಇಲ್ಲ ಎಂದಾಗುವುದಿಲ್ಲ, ಅದಕ್ಕೇ ಪುಡಿ ಕೊಳ್ಳುವಾಗಲೇ ಕೇಳಿರಬೇಕು.

ಕೊನೆಗೆ ಮತ್ತೆ ನೀರಿನ ಲೆಕ್ಕ. ಅದೇ ಬ್ಯಾಚಿನಲ್ಲಿ ಗ್ಲೇಜ್ ಹಚ್ಚದೆ ಸುಟ್ಟ ಒಂದು ಮಣ್ಣಿನ ಬಿಲ್ಲೆಯನ್ನು ತೂಗಿ, ಎರಡು ಗಂಟೆ ನೀರಿನಲ್ಲಿ ಕುದಿಸಿ, ಒರೆಸಿ ಮತ್ತೆ ತೂಗಿ. 100 ಗ್ರಾಂ ಇದ್ದದ್ದು 102 ಆಗಿದ್ದರೆ 2 ಶೇಕಡಾ ಹೀರಿದೆ, ಕಪ್‌ಗೆ ಅದು ಸಾಕು. 104 ಆಗಿದ್ದರೆ ಮಣ್ಣು ಬೆಂದಿಲ್ಲ. ಅಂಥ ಕಪ್ ಪಾದದ ಮೂಲಕ ನೀರು ಹೀರಿ, ಮೈಕ್ರೋವೇವ್‌ನಲ್ಲಿ ಕಾಫಿಗಿಂತ ಹಿಡಿಯೇ ಸುಡುವಷ್ಟು ಕಾಯುತ್ತದೆ. ಮುಂದಿನ ಸಲ 1220ರಲ್ಲಿ 10 ನಿಮಿಷದ ಬದಲು 25 ನಿಮಿಷ ನಿಲ್ಲಿಸಿ, ಕೋನ್ ಹೇಗೆ ಬಾಗಿತು, ಬಿಲ್ಲೆ ಎಷ್ಟು ತೂಗಿತು ಎಂಬುದನ್ನು ತಾರೀಖಿನ ಸಮೇತ ಕಿಲ್ನ್ ಪಕ್ಕದ ನೋಟ್‌ಬುಕ್‌ನಲ್ಲಿ ಬರೆದಿಡಿ.